ಮಳೆಗಾಲ ಬಂದರೆ ಅಮ್ಮ ಮಲಗುವುದಿಲ್ಲ. ಇದು ಜಾಗ್ರತೆಯಾ, ಒಳಗೇ ಉಳಿದುಕೊಂಡ ಆಘಾತವಾ?

ತೋಟದಮನೆ_ಮಗಳು

ನಮ್ಮೂರು ಮಡಿಕೇರಿ ಹತ್ತಿರ, ಮಕ್ಕಂದೂರು ಕಡೆ. 2018ರ ಆಗಸ್ಟ್‌ನಲ್ಲಿ ಅಲ್ಲಿ ಏನಾಯಿತು ಅಂತ ಟಿವಿ ನೋಡಿದವರಿಗೆಲ್ಲ ಗೊತ್ತು. ನಮ್ಮ ಮನೆ ಉಳಿಯಿತು. ತೋಟದ ಕೆಳಭಾಗ ಗುಡ್ಡದ ಜೊತೆಗೇ ಜಾರಿಹೋಯಿತು. ಪಕ್ಕದವರ ಮನೆ ಪೂರ್ತಿ ಹೋಯಿತು, ಪುಣ್ಯಕ್ಕೆ ಜನ ಉಳಿದರು. ಅಪ್ಪ ಅಮ್ಮ ಪರಿಹಾರ ಕೇಂದ್ರದಲ್ಲಿದ್ದು, ಮಳೆ ನಿಂತ ಮೇಲೆ ವಾಪಸ್ ಬಂದರು. ಅಲ್ಲಿ ಅಮ್ಮ ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಲ್ಲರಿಗೂ ಬಡಿಸಿಕೊಂಡು, ಯಾರದೋ ಮಕ್ಕಳಿಗೆ ತಲೆ ಬಾಚಿಕೊಂಡು ಓಡಾಡುತ್ತಿದ್ದರು. ಗಟ್ಟಿ ಹೆಂಗಸು ಅಂತ ನೆಂಟರು ಈಗಲೂ ಹೊಗಳುತ್ತಾರೆ.

ಈಗಿನ ಕಥೆ ಹೀಗಿದೆ. ಮೇ ಕೊನೆಗೆ ಮುಂಬಾಗಿಲ ಪಕ್ಕ ಒಂದು ರೆಕ್ಸಿನ್ ಬ್ಯಾಗ್ ಬಂದು ಕೂರುತ್ತದೆ. ಆಧಾರ್, ಆರ್‌ಟಿಸಿ ಪ್ರತಿ, ಪಾಸ್‌ಬುಕ್, ಟಾರ್ಚು, ಅಪ್ಪನ ಬಿಪಿ ಮಾತ್ರೆ, ಎರಡು ಸೀರೆ. ತುಲಾ ಸಂಕ್ರಮಣ ಕಳೆಯುವವರೆಗೂ ಅದು ಅಲ್ಲಾಡುವುದಿಲ್ಲ. ರಾತ್ರಿ ಮಳೆ ಜೋರಾದರೆ ಹಾಲ್‌ನಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ತೊರೆಯ ಸದ್ದು ಸ್ವಲ್ಪ ಬದಲಾದರೆ ಟಾರ್ಚ್ ಹಿಡಿದು ಹೊರಗೆ. ಅಪ್ಪ ಟಿವಿ ಸೌಂಡ್ ಜಾಸ್ತಿ ಇಟ್ಟರೆ ಇಬ್ಬರಿಗೂ ಜಗಳ. ಕೆಳಗಿನ ತೋಟಕ್ಕೆ ಹೋಗುವುದನ್ನೇ ಬಿಟ್ಟಿದ್ದಾರೆ. ಅವರ ತವರು ಸುಳ್ಯದ ಕಡೆ. 2018ರಲ್ಲೇ ಗುಡ್ಡ ಜರಿದ ಜೋಡುಪಾಲ ದಾಟಿ ಹೋಗಬೇಕು ಅಂತ ಬೇಸಿಗೆಯಲ್ಲೂ ಏನಾದರೊಂದು ನೆಪ. 2024ರ ಜುಲೈ ಕೊನೆಗೆ ವಯನಾಡ್ ಭೂಕುಸಿತದ ಸುದ್ದಿ ಬಂದಾಗ ಟಿವಿ ಆರಿಸಿ ಒಳಗೆ ಹೋದವರು ಎರಡು ಹೊತ್ತು ಊಟ ಮಾಡಲಿಲ್ಲ. ಕೇಳಿದರೆ ತಲೆನೋವು. ಡಾಕ್ಟರು ಗ್ಯಾಸ್ಟ್ರಿಕ್ ಅಂತ ಮಾತ್ರೆ ಕೊಟ್ಟಿದ್ದಾರೆ.

ನಾನು ಬೆಂಗಳೂರಿನಲ್ಲಿದ್ದೇನೆ. ಫೋನಿನಲ್ಲಿ ಮೆಲ್ಲಗೆ ಕೇಳಿದ್ದಕ್ಕೆ, "ಹೋದದ್ದು ತೋಟ, ನನ್ನ ತಲೆ ಅಲ್ಲ" ಅಂದರು. ಇದು ಸುಮ್ನೆ ಎಚ್ಚರಿಕೆಯಾ? ಅಥವಾ ನಾವು ಗುರುತಿಸದೆ ಬಿಟ್ಟ ಆಘಾತವಾ? ಹೇಗೆ ಗೊತ್ತಾಗುತ್ತದೆ?

ಇಂಚು_ಲೆಕ್ಕ

ಸೋಮವಾರಪೇಟೆ ಕಡೆಯವನು ನಾನು. ಬ್ಯಾಗ್ ನಮ್ಮ ಮನೆಯಲ್ಲೂ ಇದೆ, ಅದಕ್ಕೆ ಯಾಕೆ ಕಾಯಿಲೆಯ ಹೆಸರು? 2018 ಆಯಿತು. 2019ರಲ್ಲಿ ಕೋರಂಗಾಲ, ತೋರದಲ್ಲಿ ಗುಡ್ಡ ಕುಸಿಯಿತು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜರಿದು ಅರ್ಚಕರ ಮನೆಯೇ ಹೋಯಿತು. ಮೂರು ಆಗಸ್ಟ್ ಸಾಲಾಗಿ ಹಾಗಾದ ಮೇಲೂ ಹೆದರದೆ ಮಲಗುವವರನ್ನು ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ನಿಮ್ಮಮ್ಮ ಸರಿಯಾಗಿಯೇ ಇದ್ದಾರೆ.

ಬಂಟ್ವಾಳದ_ಬಾವ

ಇದೆಲ್ಲ ಈಗಿನ ಫ್ಯಾಷನ್ ಮಾರಾಯ್ರೆ. ನಮ್ಮಜ್ಜಿ 1974ರ ನೇತ್ರಾವತಿ ನೆರೆ ನೋಡಿದವರು. ಯಾವ ಕೌನ್ಸೆಲಿಂಗೂ ಇಲ್ಲದೆ ಮಕ್ಕಳು ಮೊಮ್ಮಕ್ಕಳನ್ನೆಲ್ಲ ಸಾಕಿ ಸಲಹಿದರು.

ಗೇಟಿನ_ಚಿಲಕ

@ಬಂಟ್ವಾಳದ_ಬಾವ ಅಜ್ಜಿ ರಾತ್ರಿ ನಿದ್ದೆ ಮಾಡುತ್ತಿದ್ದರಾ ಅಂತ ಯಾರಾದರೂ ಕೇಳಿದ್ದೀರಾ?

ಮೈಸೂರು_ಆಪ್ತಸಲಹೆ

ಆಪ್ತಸಮಾಲೋಚಕಿ ನಾನು. ನಿಮ್ಮಮ್ಮನನ್ನು ನೋಡದೆ ಇದು ಇಂಥದ್ದೇ ಅಂತ ಹೇಳುವುದಿಲ್ಲ, ಯಾರು ಹೇಳಿದರೂ ನಂಬಬೇಡಿ. ಆದರೆ ಏನನ್ನು ಗಮನಿಸಬೇಕು ಅಂತ ಹೇಳಬಹುದು.

ಬ್ಯಾಗ್ ವಿಷಯದಲ್ಲಿ ಇಂಚು_ಲೆಕ್ಕ ಅವರ ಮಾತು ಒಪ್ಪುತ್ತೇನೆ. ಗುಡ್ಡದ ಬುಡದಲ್ಲಿರುವವರು ಮಳೆಗಾಲದಲ್ಲಿ ಕಾಗದಪತ್ರ ಕೈಗೆ ಸಿಗುವಂತೆ ಇಟ್ಟುಕೊಳ್ಳುವುದು ಬುದ್ಧಿವಂತಿಕೆ. ನನ್ನ ಕಣ್ಣಿಗೆ ಬಿದ್ದದ್ದು ತವರುಮನೆ. ಜನವರಿಯಲ್ಲಿ, ಒಣ ಬಿಸಿಲಿನಲ್ಲಿ, ಜೋಡುಪಾಲದ ರಸ್ತೆಯಲ್ಲಿ ಅಪಾಯ ಏನಿದೆ? ಆದರೂ ಹೋಗುವುದಿಲ್ಲ ಅಂದರೆ ಅಲ್ಲಿ ತಡೆಯುತ್ತಿರುವುದು ಮಳೆ ಅಲ್ಲ. ಎಚ್ಚರ ಇರುವವರು ಅಪಾಯ ಮುಗಿದ ಮೇಲೆ ಮೈ ಸಡಿಲ ಬಿಡುತ್ತಾರೆ. ಆಘಾತ ಒಳಗೆ ಉಳಿದವರಿಗೆ ಅದು ಆಗುವುದಿಲ್ಲ. ಓಡಾಡುವ ಜಾಗ, ನೋಡುವ ಜನ, ಮಾತಾಡುವ ವಿಷಯ ಒಂದೊಂದೇ ಕಡಿಮೆಯಾಗುತ್ತಾ ಹೋಗುತ್ತವೆ. ಮನೆಯವರಿಗೆ ಅದು "ಅವರ ಸ್ವಭಾವ" ಅನ್ನಿಸಿಬಿಡುತ್ತದೆ.

ಸಾಮಾನ್ಯವಾಗಿ ನಾವು ನೋಡುವುದು ಇವನ್ನು: ಬೇಡ ಅಂದರೂ ನೆನಪು ನುಗ್ಗುವುದು, ಕೆಟ್ಟ ಕನಸು, ನೆನಪಿಸುವ ಜಾಗ, ಮಾತು, ಸುದ್ದಿಗಳಿಂದ ತಪ್ಪಿಸಿಕೊಳ್ಳುವುದು, ಸದಾ ಕಾವಲಿನಲ್ಲಿರುವಂತೆ ಬೆಚ್ಚುವುದು, ಸಿಡುಕುವುದು, ನಿದ್ದೆಗೆಡುವುದು, ಇನ್ನು ಯಾವುದರಲ್ಲೂ ಖುಷಿ ಇಲ್ಲದೆ, ತಪ್ಪೆಲ್ಲ ತನ್ನದೇ ಅಂದುಕೊಂಡು ಮಂಕಾಗುವುದು. ದುರಂತ ಆದ ಮೊದಲ ವಾರಗಳಲ್ಲಿ ಇವೆಲ್ಲ ಸಹಜ. ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ಒಂದು ತಿಂಗಳು ದಾಟಿಯೂ ಇದ್ದು, ದಿನದ ಬದುಕಿಗೆ ಅಡ್ಡ ಬರುತ್ತಿದ್ದರೆ ಮನೋವೈದ್ಯರು ಅದು ಪಿಟಿಎಸ್‌ಡಿಯಾ, ಅಂದರೆ ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆಯಾ ಅಂತ ಪರಿಶೀಲಿಸುತ್ತಾರೆ. ಇಲ್ಲಿ ಎಷ್ಟೋ ಮಳೆಗಾಲಗಳು ದಾಟಿವೆ.

ಇನ್ನೊಂದು ವಿಷಯ. ನಮ್ಮ ಕಡೆ ಜನ "ಭಯ ಆಗುತ್ತೆ ಡಾಕ್ಟ್ರೇ" ಅಂತ ಬರುವುದು ಕಡಿಮೆ. ತಲೆನೋವು, ಎದೆ ಉರಿ, ಕೈಕಾಲು ಸೋಲುವುದು, ಹೊಟ್ಟೆ ಕಿವುಚುವುದು ಅಂತಲೇ ಬರುತ್ತಾರೆ.

ಪಾಳಿ_ಸಿಸ್ಟರ್

ಮೇಡಂ ಹೇಳಿದ್ದು ಸರಿ. ಆದರೆ ಎಲ್ಲವನ್ನೂ ಮನಸ್ಸಿನ ತಲೆಗೆ ಕಟ್ಟುವ ಮೊದಲು ಅಮ್ಮನಿಗೆ ಥೈರಾಯ್ಡ್, ಬಿಪಿ, ಶುಗರ್, ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ. ಮುಟ್ಟು ನಿಲ್ಲುವ ವಯಸ್ಸಾಗಿದ್ದರೆ ನಿದ್ದೆಗೇಡು, ಎದೆ ಡವಡವ, ಸಿಡುಕು ಅದರಿಂದಲೂ ಬರುತ್ತದೆ. ತಲೆನೋವಿಗೆ ದಿನಾ ಮಾತ್ರೆ ನುಂಗುತ್ತಿದ್ದರೆ ಅದೇ ಮಾತ್ರೆಯಿಂದ ತಲೆನೋವು ನಿಲ್ಲದೆ ಇರುವುದೂ ಉಂಟು. ಇನ್ನೊಂದು, ಪಕ್ಕದ ಮನೆಯವರು ಕೊಟ್ಟರು ಅಂತ ನಿದ್ದೆ ಮಾತ್ರೆ ಶುರು ಮಾಡಿಸಬೇಡಿ.

ಬೆಂದಕಾಳೂರು_ಬಾಯ್

@ಇಂಚು_ಲೆಕ್ಕ ಗುರು, ಆಫ್ ಟಾಪಿಕ್. ಕೊಡಗಿನ ಫ್ರೆಂಡ್ ಒಬ್ಬ "ನಿನ್ನೆ ಎರಡು ಇಂಚು ನಲವತ್ತು ಸೆಂಟ್ ಮಳೆ" ಅಂತಾನೆ. ಸೆಂಟ್ ಅಂದ್ರೆ ಜಾಗ ಅಳೆಯೋದಲ್ವಾ?

ಇಂಚು_ಲೆಕ್ಕ

ಎರಡಕ್ಕೂ ಅದೇ ಸೆಂಟ್. ಜಾಗದಲ್ಲಿ ನೂರು ಸೆಂಟ್ ಅಂದರೆ ಒಂದು ಎಕರೆ. ಮಳೆಯಲ್ಲಿ ನೂರು ಸೆಂಟ್ ಅಂದರೆ ಒಂದು ಇಂಚು. ನಮ್ಮಲ್ಲಿ ಬಹಳ ತೋಟದ ಮನೆಗಳಲ್ಲಿ ಮಳೆಮಾಪಕ ಇದೆ, ಬೆಳಿಗ್ಗೆ ಎದ್ದು ಡೈರಿಯಲ್ಲಿ ಬರೆಯುತ್ತೇವೆ. ಮಿಲಿಮೀಟರ್ ನಿಮ್ಮ ಹವಾಮಾನ ಇಲಾಖೆಗೆ ಇರಲಿ.

ಗೇಟಿನ_ಚಿಲಕ

ಮಳೆ ಲೆಕ್ಕದ ಮಧ್ಯೆ ನನ್ನದೂ ಒಂದು ಹೇಳುತ್ತೇನೆ. ನನಗೆ ನೆರೆ ಇಲ್ಲ, ಭೂಕುಸಿತ ಇಲ್ಲ. ಕುಡಿಯುವ ಅಪ್ಪ ಇದ್ದರು, ಅಷ್ಟೇ.

ಸಂಜೆ ಗೇಟಿನ ಚಿಲಕ ತೆಗೆಯುವ ಸದ್ದಿನಲ್ಲೇ ನನಗೆ ಆ ರಾತ್ರಿ ಹೇಗಿರುತ್ತದೆ ಅಂತ ಗೊತ್ತಾಗುತ್ತಿತ್ತು. ಒಂದೇ ಸಲಕ್ಕೆ ಸರಾಗವಾಗಿ ತೆಗೆದರೆ ಪರವಾಗಿಲ್ಲ. ಎರಡು ಮೂರು ಸಲ ಕೈ ತಪ್ಪಿ ಕಬ್ಬಿಣ ಕಬ್ಬಿಣಕ್ಕೆ ಬಡಿದರೆ ತಮ್ಮನನ್ನು ಎಳೆದುಕೊಂಡು ಹಿತ್ತಲಿಗೆ ಹೋಗುತ್ತಿದ್ದೆ. ಅಷ್ಟರೊಳಗೆ ಒಲೆಯ ಮೇಲಿನ ಸಾರು ಬಿಸಿ ಇದೆಯಾ, ಚಪ್ಪಲಿ ಸಾಲಾಗಿದೆಯಾ ಅಂತ ಕಣ್ಣು ಹಾಯಿಸಿ ಮುಗಿಸಿರುತ್ತಿದ್ದೆ.

ಈಗ ನನ್ನದೇ ಮನೆ, ಒಳ್ಳೆಯ ಗಂಡ. ಅವರು ಆಫೀಸಿನಿಂದ ಬಂದು ಬಾಗಿಲು ಸ್ವಲ್ಪ ಜೋರಾಗಿ ಹಾಕಿದರೆ ಸಾಕು, ನನ್ನ ಕೈ ತಾನಾಗಿಯೇ ಅಡುಗೆ ಕಟ್ಟೆ ಒರೆಸಲು ಶುರು ಮಾಡುತ್ತದೆ. ಮ್ಯಾನೇಜರ್ "ಒಂದು ನಿಮಿಷ ಬನ್ನಿ" ಅಂತ ಮೆಸೇಜ್ ಹಾಕಿದರೆ ಹೊಟ್ಟೆಯೊಳಗೆ ಕಲ್ಲು ಬೀಳುತ್ತದೆ. ಆಫೀಸಿನಲ್ಲಿ ಎಲ್ಲರೂ "ನಿಂಗೆ ಜನರ ಮೂಡ್ ಎಷ್ಟು ಬೇಗ ಗೊತ್ತಾಗುತ್ತೆ" ಅಂತ ಮೆಚ್ಚುತ್ತಾರೆ. ನನಗೆ ಅದು ಎಲ್ಲಿಂದ ಬಂತು ಅಂತ ಅವರಿಗೆ ಗೊತ್ತಿಲ್ಲ. ಜಗಳ ಆಗಬಾರದು ಅಂತ ಆಗದ ಕೆಲಸಕ್ಕೂ "ಸರಿ" ಅನ್ನುತ್ತೇನೆ. ಇದು ಗುಣ ಅಂತಲೇ ನಾನೂ ನಂಬಿಕೊಂಡಿದ್ದೆ.

ಮೈಸೂರು_ಆಪ್ತಸಲಹೆ

@ಗೇಟಿನ_ಚಿಲಕ ಇಲ್ಲಿ ಬರೆದದ್ದಕ್ಕೆ ಥ್ಯಾಂಕ್ಸ್. ಒಂದು ದಿನದ ದುರಂತಕ್ಕೂ ವರ್ಷಗಟ್ಟಲೆ ಮನೆಯೊಳಗೇ ನಡೆದದ್ದಕ್ಕೂ ವ್ಯತ್ಯಾಸ ಇದೆ. 2022ರ ಜನವರಿಯಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಕಾಂಪ್ಲೆಕ್ಸ್ ಪಿಟಿಎಸ್‌ಡಿ ಅಂತ ಬೇರೆಯಾಗಿಯೇ ಸೇರಿಸಿದ್ದಾರೆ. ಅದರಲ್ಲಿ ಭಯದ ಜೊತೆಗೆ ತನ್ನ ಬಗ್ಗೆ ಕೀಳರಿಮೆ, ಸಿಟ್ಟು ದುಃಖ ಹಿಡಿತಕ್ಕೆ ಸಿಗದಿರುವುದು, ಹತ್ತಿರದವರ ಜೊತೆ ಹತ್ತಿರವಾಗಲು ಆಗದಿರುವುದು, ಇವೂ ಸೇರುತ್ತವೆ. ನಿಮಗೆ ಅದೇ ಇದೆ ಅಂತ ಅಲ್ಲ. ಒಮ್ಮೆ ಯಾರ ಜೊತೆಗಾದರೂ ಕೂತು ಮಾತಾಡುವಷ್ಟು ದೊಡ್ಡ ವಿಷಯ ಇದು.

ಗಣಿತ_ಮೇಷ್ಟ್ರು

ಕ್ಷಮಿಸಿ, ನನ್ನದು ಸ್ವಲ್ಪ ಬೇರೆ ರಾಗ. ಹೈಸ್ಕೂಲ್ ಮೇಷ್ಟ್ರು ನಾನು. ಈಗ ಹುಡುಗರ ಬಾಯಲ್ಲಿ ಎಲ್ಲವೂ ಟ್ರಾಮಾ. ಟೆಸ್ಟ್‌ನಲ್ಲಿ ಹನ್ನೆರಡು ಬಂದರೆ ಟ್ರಾಮಾ. ಮೊಬೈಲ್ ಕಿತ್ತುಕೊಂಡರೆ ಟ್ರಾಮಾ. ರೀಲ್ಸ್‌ನಲ್ಲಿ "ನಿಮಗೆ ಈ ಐದು ಅಭ್ಯಾಸ ಇದ್ದರೆ ಬಾಲ್ಯದ ಆಘಾತ" ಅಂತ ಬರುತ್ತದೆ. ಐದರಲ್ಲಿ ಒಂದು "ಸಾರಿ ಜಾಸ್ತಿ ಕೇಳುವುದು", ಇನ್ನೊಂದು "ತಡವಾಗಿ ಮಲಗುವುದು". ಈ ಲೆಕ್ಕದಲ್ಲಿ ಕರ್ನಾಟಕದಲ್ಲಿ ಆಘಾತ ಇಲ್ಲದವರು ಯಾರೂ ಸಿಗುವುದಿಲ್ಲ. ನಿಜವಾಗಿ ನೊಂದವರ ಮಾತಿಗೆ ಬೆಲೆ ಕಡಿಮೆಯಾಗುವುದೇ ಇದರಿಂದ.

ಚಿಲ್ಲರೆ_ಎಣಿಕೆ

ಮೇಷ್ಟ್ರೇ, ನಿಮ್ಮ ಹೆಸರು ನೋಡಿದ ಕೂಡಲೇ ಬರೆಯದೆ ಇರಲು ಆಗಲಿಲ್ಲ. ಐದನೇ ಕ್ಲಾಸಿನಲ್ಲಿ ನಮ್ಮ ಲೆಕ್ಕದ ಮೇಷ್ಟ್ರು ಬೋರ್ಡಿನ ಹತ್ತಿರ ಕರೆದು, ಹಿಂದೆ ಬೆತ್ತ ಹಿಡಿದು ನಿಲ್ಲುತ್ತಿದ್ದರು. ತಪ್ಪಿದರೆ ಮಂಡಿಯ ಹಿಂದೆ ಏಟು. ಈಗ ನನ್ನ ಮಗಳು ಕಾಲೇಜಿಗೆ ಹೋಗುತ್ತಾಳೆ. ಅಂಗಡಿಯಲ್ಲಿ ಚಿಲ್ಲರೆ ಎಣಿಸುವಾಗ ಹಿಂದೆ ಯಾರಾದರೂ ಬಂದು ನಿಂತರೆ ಇವತ್ತಿಗೂ ಲೆಕ್ಕ ತಪ್ಪುತ್ತೇನೆ. ಮಂಡಿ ಸ್ವಲ್ಪ ಬಗ್ಗುತ್ತದೆ, ನಿಜವಾಗಿ. ಯುಪಿಐ ಬಂದದ್ದು ನನಗೆ ದೊಡ್ಡ ಉಪಕಾರ.

ಗಣಿತ_ಮೇಷ್ಟ್ರು

@ಚಿಲ್ಲರೆ_ಎಣಿಕೆ ಅದು ಏಟು, ಅದನ್ನು ನಾನು ಸಮರ್ಥಿಸುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ, ಸರಿಯಾಗಿಯೇ ನಿಷೇಧಿಸಿದೆ. ನನ್ನ ಪ್ರಶ್ನೆ ಬೇರೆ. ಹನ್ನೆರಡು ಮಾರ್ಕ್ಸಿಗೂ ನಿಮ್ಮ ಮಂಡಿಗೂ ಒಂದೇ ಹೆಸರಾ?

ಮೈಸೂರು_ಆಪ್ತಸಲಹೆ

ಅಲ್ಲ ಸರ್. ಬೇಸರ, ನಿರಾಸೆ, ಅವಮಾನ ಇವೆಲ್ಲ ನೋವೇ, ಆದರೆ ಎಲ್ಲವೂ ಆಘಾತ ಅಲ್ಲ. ಐದು ಅಭ್ಯಾಸದ ಪಟ್ಟಿ ನೋಡಿ ಯಾರೂ ತಮಗೆ ತಾವೇ ಹೆಸರಿಟ್ಟುಕೊಳ್ಳಬಾರದು. ಆದರೆ ಹಾಗೆ ಹೇಳುವ ಹುಡುಗನನ್ನು "ನಾಟಕ" ಅಂತ ತಳ್ಳಿಬಿಟ್ಟರೆ, ಹನ್ನೆರಡು ಮಾರ್ಕ್ಸ್ ತೆಗೆದುಕೊಂಡು ಮನೆಗೆ ಹೋದರೆ ಅಲ್ಲಿ ಅವನಿಗೆ ಏನು ಕಾದಿದೆ ಅನ್ನುವುದು ನಮಗೆ ಗೊತ್ತಾಗುವುದೇ ಇಲ್ಲ. ಬಾಲ್ಯದ ಕಹಿ ಅನುಭವಗಳ ಬಗ್ಗೆ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ನಡೆದ ದೊಡ್ಡ ಅಧ್ಯಯನ 1998ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಹೊಡೆತ, ಬೈಗುಳ, ಕುಡಿತ ಇಂಥವು ಒಂದರ ಮೇಲೊಂದು ಸೇರಿದಷ್ಟೂ ದೊಡ್ಡವರಾದ ಮೇಲೆ ಖಿನ್ನತೆ, ಕುಡಿತ, ಹೃದಯದ ಕಾಯಿಲೆ ಕೂಡ ಹೆಚ್ಚು ಕಂಡುಬಂತು.

ಬಂಟ್ವಾಳದ_ಬಾವ

ನೋಡಿ, ಕೊನೆಗೆ ಅಮೆರಿಕಕ್ಕೇ ಹೋದಿರಿ. ನಾನು ಹೇಳಿದ್ದೂ ಅದೇ. ಈ ಪಿಟಿಎಸ್‌ಡಿ ಅನ್ನುವುದೂ ಅಲ್ಲಿಯದೇ ಅಲ್ವಾ?

ಶಾರ್ಜಾ_ಕನ್ನಡಿಗ

ಹೆಸರು ಅಲ್ಲಿಯದು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿತು, ವಿಯೆಟ್ನಾಂ ಯುದ್ಧದಿಂದ ವಾಪಸಾದ ಸೈನಿಕರ ಒತ್ತಾಯವೂ ಅದರ ಹಿಂದೆ ಇತ್ತು. ಅದಕ್ಕೂ ಮುಂಚೆ ಮೊದಲ ಮಹಾಯುದ್ಧದಲ್ಲಿ ಇದನ್ನೇ ಶೆಲ್ ಶಾಕ್ ಅಂದರು. ಹೆಸರು ಎಲ್ಲಿಂದಲೋ ಬಂದ ಮಾತ್ರಕ್ಕೆ ಕಾಯಿಲೆಯೂ ಅಲ್ಲಿಂದ ಬಂತಾ? ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಕಂಡುಹಿಡಿದದ್ದು ಕೆನಡಾದಲ್ಲಿ. ನಿಮ್ಮ ಮನೆಯಲ್ಲಿ ಯಾರಿಗೂ ಶುಗರ್ ಇಲ್ವಾ?

ಬಂಟ್ವಾಳದ_ಬಾವ

ಶುಗರ್ ನನಗೇ ಇದೆ. ಸರಿ, ಅಜ್ಜಿ ವಿಷಯ ಹೇಳುತ್ತೇನೆ. ಅಕ್ಕಿ ಮುಡಿ ಯಾವತ್ತೂ ನೆಲಕ್ಕೆ ಇಡಲು ಬಿಟ್ಟವರಲ್ಲ, ಅಟ್ಟಕ್ಕೇ ಹೋಗಬೇಕು. ಮಳೆ ಜೋರಿರುವ ಆಟಿ ತಿಂಗಳಲ್ಲಿ ನೆಲದ ಮೇಲೆ ಮಲಗುತ್ತಿರಲಿಲ್ಲ, ಮಕ್ಕಳನ್ನೂ ಬಿಡುತ್ತಿರಲಿಲ್ಲ. ಮೊಮ್ಮಕ್ಕಳು ಹೊಳೆ ಬದಿಗೆ ಹೋದರೆ ಬಾಸುಂಡೆ ಬರುವಷ್ಟು ಹೊಡೆತ, ಅದೂ ಏಪ್ರಿಲ್‌ನಲ್ಲಿ, ಹೊಳೆಯಲ್ಲಿ ಪಾದ ಮುಳುಗುವಷ್ಟು ನೀರಿಲ್ಲದಾಗ. ಇದನ್ನು ನೀವು ಕಾಯಿಲೆ ಅನ್ನುತ್ತೀರಿ, ನಾನು ಅನುಭವ ಅನ್ನುತ್ತೇನೆ.

ಗೇಟಿನ_ಚಿಲಕ

ಹೊಡೆಸಿಕೊಂಡವರು ನೀವೇ ಇರಬೇಕು. ಅಜ್ಜಿ ಹತ್ತಿರ ಆ ನೆರೆ ಬಗ್ಗೆ ಯಾರೂ ಕೂತು ಕೇಳಲಿಲ್ಲ ಅನ್ನುವುದೇ ನನಗೆ ಬೇಸರ.

ಮಲಪ್ರಭಾ_ದಂಡಿ

ನಮಸ್ಕಾರ ರೀ. ಬಾಗಲಕೋಟೆ ಜಿಲ್ಲೆಯವ ನಾನು. 2019ರ ಆಗಸ್ಟ್‌ನಲ್ಲಿ ನಮ್ಮಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಕೂಡಿ ಬಂದವು. ನಮ್ಮ ಕಾಕಾ ನೀರು ಏರುವಾಗ ಕೊಟ್ಟಿಗೆಯಲ್ಲಿದ್ದ ಎರಡು ಎಮ್ಮೆಗಳ ಹಗ್ಗ ಬಿಚ್ಚಲು ಹೋಗಲಿಲ್ಲ. ಕಾಕು ಮತ್ತು ಸಣ್ಣ ಹುಡುಗರನ್ನು ಗುಡಿಯ ಕಟ್ಟೆಗೆ ಮುಟ್ಟಿಸುವಷ್ಟರಲ್ಲಿ ಹೊತ್ತು ಮೀರಿತ್ತು. ಮಂದಿ ಉಳಿದರು, ಎಮ್ಮೆ ಉಳಿಯಲಿಲ್ಲ.

ಅವತ್ತಿನಿಂದ ಕಾಕಾ ಯಾವುದನ್ನೂ ಕಟ್ಟುವುದಿಲ್ಲ. ಪರಿಹಾರದ ದುಡ್ಡಲ್ಲಿ ದನ ತರಲಿಲ್ಲ. ನಾಯಿ ಸಾಕಿದ್ದಾರೆ, ಅದಕ್ಕೆ ಸರಪಳಿ ಇಲ್ಲ, ಓಣಿಯ ಮಂದಿಯೆಲ್ಲ ಬೈಯುತ್ತಾರೆ. ಒಮ್ಮೆ ತಮ್ಮ ಬೈಕಿನ ಹಿಂದೆ ಚೀಲ ಇಟ್ಟು ಹಗ್ಗ ಬಿಗಿದ. ಕಾಕಾ ಸುಮ್ಮನೆ ಬಂದು ಗಂಟು ಬಿಚ್ಚಿ ಹೋದರು. ಚೀಲ ದಾರಿಯಲ್ಲಿ ಬಿದ್ದು ಜೋಳ ಚೆಲ್ಲಿತು. "ಮುದುಕನಿಗೆ ಅರಳು ಮರಳು" ಅಂತ ಮನೆಯಲ್ಲಿ ಬೈದರು. ಈ ಚರ್ಚೆ ಓದುವ ತನಕ ನಾವು ಯಾರೂ ಹಗ್ಗ ಮತ್ತು ಎಮ್ಮೆ ಎರಡನ್ನೂ ಕೂಡಿಸಿ ನೋಡಿರಲಿಲ್ಲ ರೀ.

ಅವರ ಮೊಮ್ಮಗನಿಗೆ ಆಗ ನಾಲ್ಕು ವರ್ಷ. ಬಹಳ ದಿನ ಒಂದೇ ಆಟ ಆಡುತ್ತಿದ್ದ. ಬಕೆಟ್ ನೀರಿನಲ್ಲಿ ಮಣ್ಣಿನ ಎತ್ತು ಮುಳುಗಿಸುವುದು, ತೆಗೆಯುವುದು, ಮತ್ತೆ ಮುಳುಗಿಸುವುದು. ಮೊದಲು ನಕ್ಕೆವು. ಈಗ ಆಡುವುದಿಲ್ಲ, ಶಾಲೆಗೆ ಹೋಗುತ್ತಾನೆ, ಚೆನ್ನಾಗಿದ್ದಾನೆ.

ಮೈಸೂರು_ಆಪ್ತಸಲಹೆ

ಮಕ್ಕಳು ಬಾಯಲ್ಲಿ ಹೇಳಲಾಗದ್ದನ್ನು ಆಟದಲ್ಲಿ ಮತ್ತೆ ಮತ್ತೆ ಆಡುತ್ತಾರೆ. ಹುಡುಗ ತಾನಾಗಿ ಆಚೆ ಬಂದಿದ್ದಾನೆ, ಒಳ್ಳೆಯದು. ಕಾಕಾ ಅವರದು ಅರಳು ಮರಳು ಅಂತ ನನಗೆ ಅನ್ನಿಸುವುದಿಲ್ಲ. ಅವರಲ್ಲಿ ಭಯಕ್ಕಿಂತ ತಪ್ಪಿತಸ್ಥ ಭಾವವೇ ಜಾಸ್ತಿ ಕಾಣುತ್ತಿದೆ. "ನೀವು ಮಕ್ಕಳನ್ನು ಉಳಿಸಿದಿರಿ" ಅಂತ ಸಮಾಧಾನ ಹೇಳುವ ಮೊದಲು ಎಮ್ಮೆಗಳ ಬಗ್ಗೆ ಕೇಳಿ. ಹೆಸರಿಟ್ಟಿದ್ದರಾ, ಎಷ್ಟು ಹಾಲು ಕೊಡುತ್ತಿದ್ದವು ಅಂತ.

ಮಲಪ್ರಭಾ_ದಂಡಿ

ಹೆಸರಿತ್ತು ರೀ. ಗೌರಿ ಅಂತ ಒಂದಕ್ಕೆ.

ಪಾಳಿ_ಸಿಸ್ಟರ್

ಇಲ್ಲಿ ಒಂದು ಬರೆದುಬಿಡುತ್ತೇನೆ. 2021ರ ಏಪ್ರಿಲ್, ಮೇ ಕೋವಿಡ್ ವಾರ್ಡಿನಲ್ಲಿದ್ದೆ. ಆಮ್ಲಜನಕ ಇಳಿದಾಗ ಮಾನಿಟರ್ ಕೂಗುತ್ತದಲ್ಲ, ಆ ಬೀಪ್. ಮನೆಯಲ್ಲಿ ಮೈಕ್ರೋವೇವ್ ಮುಗಿದಾಗ ಅದೇ ಥರ ಸದ್ದು. ಗಂಡ ಹಾಲು ಬಿಸಿಗಿಟ್ಟರೆ, ಸದ್ದು ಬರುವ ಮೊದಲೇ ನಾನು ಓಡಿ ಬಾಗಿಲು ತೆಗೆಯುತ್ತಿದ್ದೆ. ಅವರು ನನಗೆ ಅವಸರ ಜಾಸ್ತಿ ಅಂದುಕೊಂಡಿದ್ದರು. ನಮ್ಮ ಬ್ಯಾಚಿನವರು ಈಗಲೂ ಸೇರಿದರೆ ಮಕ್ಕಳ ಸ್ಕೂಲು, ಸೀರೆ, ಟ್ರಾನ್ಸ್‌ಫರ್ ಎಲ್ಲ ಮಾತಾಡುತ್ತೇವೆ. ಆ ಎರಡು ತಿಂಗಳ ಮಾತು ಬಂದರೆ ಯಾರಾದರೂ ಕಾಫಿ ತರಲು ಎದ್ದು ಹೋಗುತ್ತಾರೆ. ಆಮೇಲೆ ನಾನು ಚಿಕಿತ್ಸೆ ತೆಗೆದುಕೊಂಡೆ. ಮೈಕ್ರೋವೇವ್ ಈಗ ಅದರ ಪಾಡಿಗೆ ಕೂಗುತ್ತದೆ.

ಹಳೇ_ಬೇರು

ನಮ್ಮ ಕಡೆ ಹೆದರಿದವರಿಗೆ ತಾಯಿತ ಕಟ್ಟಿಸುತ್ತಾರೆ, ದೃಷ್ಟಿ ತೆಗೆಯುತ್ತಾರೆ. ದೈವದ ಹತ್ತಿರ ಕೇಳಿಸಿ ನೋಡಿ.

ಗಣಿತ_ಮೇಷ್ಟ್ರು

ಆಯಿತು, ಇದೊಂದು ಬಾಕಿ ಇತ್ತು.

ಪಾಳಿ_ಸಿಸ್ಟರ್

ಮೇಷ್ಟ್ರೇ, ಬೈಯಬೇಡಿ. ತಾಯಿತ ಕಟ್ಟಿಕೊಂಡೇ ಎಷ್ಟೋ ಜನ ಓಪಿಡಿಗೆ ಬರುತ್ತಾರೆ, ಬರುತ್ತಾರಲ್ಲ ಅದೇ ಸಾಕು. ಮಾತ್ರೆ ನಿಲ್ಲಿಸಿ ಅಂತ ಯಾರಾದರೂ ಹೇಳಿದರೆ ಮಾತ್ರ ನನಗೆ ಸಿಟ್ಟು ಬರುತ್ತದೆ.

ತೋಟದಮನೆ_ಮಗಳು

ಎಲ್ಲವನ್ನೂ ಓದುತ್ತಿದ್ದೇನೆ. ಈ ವಾರ ಊರಿಗೆ ಹೋಗುತ್ತಿದ್ದೇನೆ. ಅಮ್ಮನ ಹತ್ತಿರ ಮಾತು ಹೇಗೆ ತೆಗೆಯುವುದು? "ಏನಾಯ್ತು ಎಲ್ಲ ಹೇಳಿಬಿಡಮ್ಮ, ಹಗುರ ಆಗುತ್ತೆ" ಅಂತ ಕೇಳಲಾ?

ಮೈಸೂರು_ಆಪ್ತಸಲಹೆ

ಹಾಗೆ ಕೇಳಬೇಡಿ. ಒಂದೇ ಸಲ ಎಲ್ಲವನ್ನೂ ಹೇಳಿಸುವುದು ಹಿಂದೆ ದೊಡ್ಡ ಮದ್ದು ಅಂತಿದ್ದರು. ದುರಂತ ಕಳೆದ ಕೂಡಲೇ ಹಾಗೆ ಮಾಡಬೇಡಿ ಅಂತ ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕೆಲವರಿಗೆ ಅದರಿಂದ ಗಾಯ ಮತ್ತೆ ಕೆದಕಿದ ಹಾಗೆ ಆಗುತ್ತದೆ. ವರ್ಷಗಳಾದ ಮೇಲೂ ಒತ್ತಾಯ ಒಳ್ಳೆಯದಲ್ಲ. ನಿದ್ದೆಯಿಂದ ಶುರು ಮಾಡಿ. ತಲೆನೋವಿನಿಂದ ಶುರು ಮಾಡಿ. "ರಾತ್ರಿ ಕೂತಿರುತ್ತೀಯಲ್ಲ, ಸುಸ್ತಾಗಲ್ವಾ?" ಅಂತ. ಅವರು ಹೇಳಿದಷ್ಟು ಕೇಳಿ, ನಿಲ್ಲಿಸಿದಲ್ಲಿ ನಿಲ್ಲಿಸಿ. "ಎಲ್ಲ ಮರೆತುಬಿಡು", "ಬೇರೆಯವರಿಗೆ ಇನ್ನೂ ಜಾಸ್ತಿ ಹೋಯಿತು" ಇವೆರಡು ಮಾತು ದಯವಿಟ್ಟು ಬೇಡ.

ಇಂಚು_ಲೆಕ್ಕ

ಎದುರು ಕೂರಿಸಿಕೊಂಡು ಕೇಳಿದರೆ ನಮ್ಮ ಕಡೆಯ ಹೆಂಗಸರು ಎದ್ದು ಅಡುಗೆಮನೆಗೆ ಹೋಗುತ್ತಾರೆ. ಕಾಳುಮೆಣಸು ಬಿಡಿಸುವಾಗಲೋ ಹಲಸಿನ ಹಣ್ಣು ಬಿಡಿಸುವಾಗಲೋ ಪಕ್ಕದಲ್ಲಿ ಕೂತುಕೊಳ್ಳಿ. ಕೈಗೆ ಎಣ್ಣೆ ಹಚ್ಚಿಕೊಂಡು ಹಲಸಿಗೆ ಕೂತವರು ಅರ್ಧಕ್ಕೆ ಎದ್ದು ಹೋಗುವ ಹಾಗಿಲ್ಲ.

ಗೇಟಿನ_ಚಿಲಕ

ಒಂದು ಮಾತು ಕೇಳಲಾ? ಅಮ್ಮ ಮಳೆ ಕೇಳಿಸಬೇಕು ಅಂತ ಟಿವಿ ಸಣ್ಣ ಮಾಡುತ್ತಾರೆ. ಅಪ್ಪ ಯಾಕೆ ಜೋರಾಗಿ ಇಡುತ್ತಾರೆ? ಮೊದಲಿಂದಲೂ ಹಾಗೇನಾ?

ತೋಟದಮನೆ_ಮಗಳು

@ಗೇಟಿನ_ಚಿಲಕ ಇಲ್ಲ. ಮೊದಲು ವಾರ್ತೆ ಮುಗಿದರೆ ಆರಿಸಿ ಮಲಗುತ್ತಿದ್ದರು. ಕಿವಿ ಮಂದ ಆಗಿದೆ ಅಂದುಕೊಂಡಿದ್ದೆವು. ಆದರೆ ಫೋನಿನಲ್ಲಿ ಪಿಸುಗುಟ್ಟಿದರೂ ಕೇಳಿಸುತ್ತದೆ ಅವರಿಗೆ. ಜನವರಿಯಲ್ಲಿ ಹೋದಾಗ ಟಿವಿ ಸಣ್ಣಗೇ ಇತ್ತು.

ಗೇಟಿನ_ಚಿಲಕ

ಹಾಗಾದರೆ ಒಬ್ಬರಿಗೆ ಮಳೆ ಕೇಳಿಸಲೇಬೇಕು, ಇನ್ನೊಬ್ಬರಿಗೆ ಕೇಳಿಸಲೇಬಾರದು. ಜಗಳ ಟಿವಿಗಲ್ಲ.

ಬೆಂದಕಾಳೂರು_ಬಾಯ್

ಅಬ್ಬಾ. ಗಂಡಸರ ವಿಷಯ ಯಾರೂ ಕೇಳೋದೇ ಇಲ್ಲ ನೋಡಿ.

ಶಾರ್ಜಾ_ಕನ್ನಡಿಗ

ಗಂಡಸರದ್ದು ಸಿಟ್ಟು, ಕುಡಿತ, ಕೆಲಸ ಈ ಮೂರರಲ್ಲಿ ಒಂದಾಗಿ ಕಾಣುತ್ತದೆ. ನನ್ನದು ಕೆಲಸ. ಒಂದು ಅಪಘಾತ ನೋಡಿದ ಮೇಲೆ ರಜೆ ಬೇಡ, ಊರು ಬೇಡ, ಓವರ್‌ಟೈಮ್ ಕೊಡಿ ಅಂತಿದ್ದೆ. ಶ್ರಮಜೀವಿ ಅಂತ ಕಂಪನಿಯಲ್ಲಿ ಸರ್ಟಿಫಿಕೇಟ್ ಕೂಡ ಕೊಟ್ಟರು. ಕೊನೆಗೆ ಇಎಂಡಿಆರ್ ಚಿಕಿತ್ಸೆ ಮಾಡಿಸಿಕೊಂಡೆ. ನೆನಪನ್ನು ಮನಸ್ಸಿಗೆ ತಂದುಕೊಂಡು, ಚಿಕಿತ್ಸೆ ಕೊಡುವವರ ಬೆರಳು ಆಡುವ ಕಡೆ ಕಣ್ಣು ಆಡಿಸುವುದು. ನನಗೆ ಉಪಯೋಗವಾಯಿತು.

ಗಣಿತ_ಮೇಷ್ಟ್ರು

ಬೆರಳು ಆಡಿಸಿದರೆ ಆಘಾತ ಹೋಗುತ್ತದಾ? ಇದನ್ನು ತಾಯಿತದ ಪಕ್ಕ ಇಡಬೇಕಾ ಬೇಡವಾ ಅಂತ ಯೋಚಿಸುತ್ತಿದ್ದೇನೆ.

ಮೈಸೂರು_ಆಪ್ತಸಲಹೆ

ಮೇಷ್ಟ್ರ ಅನುಮಾನ ತಜ್ಞರಲ್ಲೂ ಇದೆ. ಕಣ್ಣು ಆಡಿಸುವುದರಿಂದಲೇ ಗುಣವಾಗುತ್ತದಾ, ನೆನಪನ್ನು ಸುರಕ್ಷಿತವಾಗಿ ಎದುರಿಸುವುದರಿಂದಲಾ ಅನ್ನುವ ಜಗಳ ಮುಗಿದಿಲ್ಲ. ಆದರೆ ಉಪಯೋಗ ಇದೆ ಅನ್ನುವುದಕ್ಕೆ ಪುರಾವೆ ಇದೆ. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರ ಪಿಟಿಎಸ್‌ಡಿಗೆ ಶಿಫಾರಸು ಮಾಡಿದ ಚಿಕಿತ್ಸೆಗಳಲ್ಲಿ ಇದೂ ಇದೆ, ಆಘಾತಕ್ಕೆಂದೇ ರೂಪಿಸಿದ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ ಕೂಡ ಇದೆ. ಕೆಲವರಿಗೆ ಸರ್ಟ್ರಲಿನ್‌ನಂಥ ಮಾತ್ರೆ ಬೇಕಾಗುತ್ತದೆ, ಅದನ್ನು ಮನೋವೈದ್ಯರೇ ಬರೆಯಬೇಕು. ಯಾವುದಾದರೂ ಸರಿ, ತರಬೇತಿ ಇರುವವರ ಹತ್ತಿರವೇ ಮಾಡಿಸಿಕೊಳ್ಳಿ. ಯೂಟ್ಯೂಬ್ ನೋಡಿ ಮನೆಯಲ್ಲಿ ಮಾಡುವುದಲ್ಲ.

ಚಿಲ್ಲರೆ_ಎಣಿಕೆ

ಹಳ್ಳಿಯಲ್ಲಿರುವವರು ಎಲ್ಲಿಗೆ ಹೋಗಬೇಕು? ಎಲ್ಲರಿಗೂ ನಿಮ್ಹಾನ್ಸ್‌ಗೆ ಬರಲು ಆಗುತ್ತದಾ?

ಪಾಳಿ_ಸಿಸ್ಟರ್

ಬರಬೇಕಾಗಿಲ್ಲ. ಮನೋಚೈತನ್ಯ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮ ಇದೆ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಹೋಗುವ ಮೊದಲು ಫೋನ್ ಮಾಡಿ ವಿಚಾರಿಸಿ. ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೇ ಇದೆ. ಮನೆಯಿಂದ ಹೊರಗೆ ಬರಲು ಒಪ್ಪದವರಿಗೆ ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416. 2022ರ ಅಕ್ಟೋಬರ್‌ನಿಂದ ಇದೆ, ಹಗಲು ರಾತ್ರಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮನೆಯವರೂ ಫೋನ್ ಮಾಡಿ ಸಲಹೆ ಕೇಳಬಹುದು. ಸಾಯಬೇಕು ಅನ್ನುವ ಮಾತು ಯಾರ ಬಾಯಲ್ಲಾದರೂ ಬಂದರೆ ಮಂಗಳವಾರಕ್ಕೆ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಮಲಪ್ರಭಾ_ದಂಡಿ

ಊರಲ್ಲಿ ಗೊತ್ತಾದರೆ ಹುಚ್ಚು ಅಂತಾರೆ ರೀ. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆ.

ಮೈಸೂರು_ಆಪ್ತಸಲಹೆ

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೋಪ್ಯತೆ ರೋಗಿಯ ಹಕ್ಕು. ವೈದ್ಯರು ಊರವರಿಗೆ ಹೇಳುವ ಹಾಗಿಲ್ಲ. ಊರಿನ ಬಾಯಿಗೆ ಕಾಯ್ದೆ ಬೀಗ ಹಾಕುವುದಿಲ್ಲ, ಅದು ನನಗೂ ಗೊತ್ತು. ಮೊದಲು ಫೋನಿನಲ್ಲೇ ಮಾತಾಡಲಿ. ಕಾಕಾ ಬೇಡ ಅಂದರೆ ನೀವೇ ಮಾತಾಡಿ.

ಬಂಟ್ವಾಳದ_ಬಾವ

ನಮ್ಮ ತಾಯಿಯ ಅಕ್ಕ ಇನ್ನೂ ಇದ್ದಾರೆ. ಆ ನೆರೆ ಬಂದಾಗ ಅವರಿಗೆ ಮದುವೆಯ ವಯಸ್ಸು. ಫೋನ್ ಮಾಡಿ ಅಜ್ಜಿಯ ಬಗ್ಗೆ ಕೇಳಿದೆ. ಸುಮಾರು ಹೊತ್ತು ಮಾತಾಡಿದರು. ಇಲ್ಲಿ ಬರೆಯುವುದಿಲ್ಲ. ಹಾಗಂತ ಎಲ್ಲದಕ್ಕೂ ಟ್ರಾಮಾ ಅನ್ನುವುದನ್ನು ನಾನು ಒಪ್ಪಿಲ್ಲ, ಮೇಷ್ಟ್ರ ಪಕ್ಷವೇ ನಾನು.

ಗಣಿತ_ಮೇಷ್ಟ್ರು

ನನಗೆ ಪಕ್ಷ ಇಲ್ಲ ಸ್ವಾಮಿ. ಹನ್ನೆರಡು ಮಾರ್ಕ್ಸಿನ ಹುಡುಗನನ್ನು ನಾಳೆ ಸ್ಟಾಫ್ ರೂಮಿಗೆ ಕರೆದು ಮಾತಾಡಿಸಬೇಕು ಅಂತಿದ್ದೇನೆ. ಬೆತ್ತ ಇಲ್ಲ, @ಚಿಲ್ಲರೆ_ಎಣಿಕೆ ಗಾಬರಿಯಾಗಬೇಡಿ.

ಚಿಲ್ಲರೆ_ಎಣಿಕೆ

ಸ್ಟಾಫ್ ರೂಮ್ ಬೇಡ ಸರ್. ಗ್ರೌಂಡಿಗೆ ಕರೆಯಿರಿ.

ತೋಟದಮನೆ_ಮಗಳು

ಊರಿಂದ ಬರೆಯುತ್ತಿದ್ದೇನೆ. ಹಲಸಿನ ಹಣ್ಣು ಸಿಗಲಿಲ್ಲ, ಕಾಳುಮೆಣಸು ಇತ್ತು. ಅಮ್ಮ ಜಾಸ್ತಿ ಏನೂ ಹೇಳಲಿಲ್ಲ. ತಲೆನೋವಿಗೆ ಮಡಿಕೇರಿಗೆ ಬರುತ್ತೇನೆ ಅಂದಿದ್ದಾರೆ, "ಹುಚ್ಚಿನ ಡಾಕ್ಟರಾದರೆ ಗೇಟಿನಿಂದಲೇ ವಾಪಸ್" ಅಂತ ಷರತ್ತು. ಸುಳ್ಳು ಹೇಳಿ ಕರೆದುಕೊಂಡು ಹೋಗುವುದಕ್ಕೆ ನನಗೆ ಮನಸ್ಸಿಲ್ಲ. ಮೊದಲು ಥೈರಾಯ್ಡ್, ಶುಗರ್ ನೋಡಿಸುತ್ತೇನೆ, ನಿದ್ದೆಯ ವಿಷಯ ಆ ಡಾಕ್ಟರಿಗೇ ಹೇಳಮ್ಮ ಅಂದಿದ್ದೇನೆ. ಅಪ್ಪ ಕೇಳದೇ ಜೀಪ್ ಹತ್ತಲು ತಯಾರಾಗಿದ್ದಾರೆ. ತನಗೂ ನಿದ್ದೆ ಸರಿ ಇಲ್ಲವಂತೆ, ಈಗ ಹೇಳುತ್ತಿದ್ದಾರೆ.

ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ಮೊಬೈಲ್ ಸಿಗ್ನಲ್ ಇಲ್ಲ, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟೂ ಇರುವುದಿಲ್ಲ. ಬಿಎಸ್‌ಎನ್‌ಎಲ್ ಲ್ಯಾಂಡ್‌ಲೈನ್ ಇದೆ. 14416 ಅದರಿಂದ ಹೋಗುತ್ತದಾ?

ಪಾಳಿ_ಸಿಸ್ಟರ್

ಹೋಗದಿದ್ದರೆ 1800 891 4416 ಹಾಕಿ, ಅದೂ ಟೋಲ್ ಫ್ರೀ. ನೀವು ಊರಲ್ಲಿರುವಾಗಲೇ ಒಮ್ಮೆ ಹಾಕಿ ನೋಡಿ, ನಂಬರ್ ಫೋನಿನ ಪಕ್ಕ ಗೋಡೆಯ ಮೇಲೆ ಬರೆದಿಡಿ.

ಇಂಚು_ಲೆಕ್ಕ

ಲ್ಯಾಂಡ್‌ಲೈನ್ ಜೂನ್‌ವರೆಗೆ ಬದುಕಿರುತ್ತದೆ ಅಂತ ನಂಬಬೇಡಿ. ಲೈನ್‌ಮ್ಯಾನ್ ನಂಬರೂ ಪಕ್ಕದಲ್ಲೇ ಬರೆದಿಡಿ.